ಇಳಿಜಾರಿನ ನಡುವಿನ ಹುಲ್ಲು

ಇಳಿಜಾರಿನಲ್ಲಿ ಬೆಳೆದ ಹುಲ್ಲು ಮೇಲಿನ ಮನೆಯವರದೋ ಕೆಳಗಿನ ಮನೆಯವರದೋ ಎಂಬ ಪ್ರಶ್ನೆಗೆ ನಾಗರಿಕರೆನಿಸಿಕೊಂಡ ನಾವು ಇನ್ನೂ ಉತ್ತರ ಕಂಡುಕೊಂಡಿಲ್ಲವೆಂಬುದು ತಲೆ ತಗ್ಗಿಸಬೇಕಾದ ಸಂಗತಿ. ಸಮತಟ್ಟಾದ ನೆಲದಲ್ಲಿ ಗೇಣು ಜಾಗಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತುವ ಮನುಷ್ಯ, ಅದೇ ನೆಲ ಕೊಂಚ ವಾಲಿತೆಂದರೆ ಸಾಕು, ‘ಅದು ನಮ್ಮದಲ್ಲಪ್ಪ’ ಎಂದು ಕೈ ತೊಳೆದುಕೊಳ್ಳುತ್ತಾನೆ. ವಾಲಿದ ನೆಲದ ಮೇಲಿನ ಹುಲ್ಲು ಮಾತ್ರ ಈ ಅನೈತಿಕತೆಯನ್ನು ಲೆಕ್ಕಿಸದೆ, ಯಾರದೂ ಅಲ್ಲದ ಅನಾಥ ಸ್ವಾತಂತ್ರ್ಯದಿಂದ, ಎದೆಯೆತ್ತರಕ್ಕೆ ಬೆಳೆಯುತ್ತದೆ.

ನಮ್ಮ ಕಥೆಯ ಇಳಿಜಾರು ಬಹಳ ಕಡಿದಾದದ್ದು. ಮೇಲೆ ಒಂದು ಸಾಲು ಮನೆ, ಕೆಳಗೆ ಒಂದು ಸಾಲು ಮನೆ, ನಡುವೆ ಹುಲ್ಲು. ಅದೂ ನೆಟ್ಟಗೆ ಇಳಿಯುವ ಸಜ್ಜನ ಇಳಿಜಾರಲ್ಲ; ಹೊಟ್ಟೆ ತುಂಬ ಉಂಡು ಅಂಗಾತ ಮಲಗಿದವನಂತೆ ನಡುವೆ ಉಬ್ಬಿಕೊಂಡಿತ್ತು. ಮೇಲಿನ ಸಾಲಿನಲ್ಲಿ ಕನ್ನಡಕದ ಅಂಗಡಿಯ ಯಜಮಾನರು ವಾಸವಾಗಿದ್ದರು. ಅವರ ಹಿತ್ತಿಲಿನ ಮೋಟುಗೋಡೆಯ ಕೆಳಗೆ ಇಳಿಜಾರು ಶುರುವಾಗುತ್ತಿತ್ತು. ಅದು ಮುಗಿಯುವಲ್ಲಿ, ಒಗೆಯುವ ಕಲ್ಲಿನ ಪಕ್ಕದಲ್ಲಿ, ಅವರ ಷಡ್ಡಕರಾದ ನಿವೃತ್ತ ಡ್ರಿಲ್ ಮಾಸ್ತರರ ಹಿತ್ತಿಲಿತ್ತು. ಮಾಸ್ತರರ ಹೆಂಡತಿ ಅಕ್ಕ, ಯಜಮಾನರ ಹೆಂಡತಿ ತಂಗಿ. ಇಬ್ಬರೂ ಸಂಜೆಯಾದರೆ ತಮ್ಮ ತಮ್ಮ ಹಿತ್ತಿಲಿಗೆ ಬಂದು ಗಂಟಲೆತ್ತಿ ಮಾತಾಡುತ್ತಿದ್ದರು. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ, ಇಳಿಜಾರಿನ ಹೊಟ್ಟೆ ಅಡ್ಡ. ಆದರೆ ಕಾಣಬೇಕೆಂಬ ಹಟ ಇಬ್ಬರಿಗೂ ಇರಲಿಲ್ಲ, ಕೇಳಿಸಿದರೆ ಸಾಕಿತ್ತು.

ಈ ಸೌಹಾರ್ದಕ್ಕೆ ಕಲ್ಲು ಹಾಕಿದ್ದು ಒಂದು ಹೆಗ್ಗಣ. ಅದು ಹುಲ್ಲಿನೊಳಗಿಂದ ಹೊರಟು ಅಕ್ಕನ ಅಡುಗೆಮನೆಯನ್ನು ಹಾದು, ಹಿಟ್ಟಿನ ಡಬ್ಬಿಯನ್ನು ಉರುಳಿಸಿ, ಮುಂಬಾಗಿಲಿನಿಂದ ಯಜಮಾನಿಕೆಯ ಗತ್ತಿನಲ್ಲಿ ಹೊರಗೆ ಹೋಯಿತು.

“ನಿಮ್ಮ ಹುಲ್ಲಿನ ಹೆಗ್ಗಣ ಕಣೇ!” ಎಂದಳು ಅಕ್ಕ ಕೆಳಗಿನಿಂದ.

“ನಮ್ಮ ಹುಲ್ಲು ಹೇಗಾಗುತ್ತೆ? ನಿನ್ನ ಕಿಟಕಿ ಎದುರಿಗೆ ಬೆಳೆದಿದ್ದು ನಿನ್ನದೇ!” ಎಂದಳು ತಂಗಿ ಮೇಲಿನಿಂದ.

ಅಂದಿನಿಂದ ಮಾತು ನಿಂತಿತು. ಅಕ್ಕ ಒಗೆಯುವ ಕಲ್ಲನ್ನು ಉದ್ದೇಶಿಸಿ, ಆದರೆ ಮೇಲಿನ ಸಾಲಿಗೆಲ್ಲ ಕೇಳುವಂತೆ, ಒಂದು ಪ್ರತಿಜ್ಞೆ ಮಾಡಿದಳು: “ಈ ತಿಂಗಳು ಮುಗಿಯೋದ್ರೊಳಗೆ ಈ ಹುಲ್ಲು ಹೋಗಬೇಕು. ಇಲ್ಲ, ನಾವು ಹೋಗ್ತೀವಿ. ಮಗನ ಊರಲ್ಲಿ ಮನೆ ಖಾಲಿ ಇದೆ.”

ತಂಗಿ ಅದನ್ನು ಕೇಳಿಸಿಕೊಂಡಳು. ಒಳಗೆ ಬಂದು, ಉಪ್ಪಿನ ಡಬ್ಬಿಯೆಂದು ಸಕ್ಕರೆಯ ಡಬ್ಬಿಗೆ ಕೈಹಾಕಿದಳು. ಅಕ್ಕ ಹೋದರೆ ತನ್ನ ಜೀವನ ಅರ್ಧ ಖಾಲಿಯಾದಂತೆ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳಿಕೊಳ್ಳುವುದಕ್ಕೆ ಇದ್ದವಳೇ ಅಕ್ಕ. ಹೀಗಾಗಿ ಅಕ್ಕನಿಗೆ ಸಲ್ಲಬೇಕಾದ ಸಂಜೆಯ ಮಾತೆಲ್ಲ ಯಜಮಾನರ ತಲೆಯ ಮೇಲೆ ಸುರಿಯತೊಡಗಿತು. ಯಜಮಾನರು ‘ಹೌದಾ?’ ಎನ್ನಬೇಕಾದಲ್ಲಿ ‘ಹೂಂ’ ಎಂದು, ‘ಹೂಂ’ ಎನ್ನಬೇಕಾದಲ್ಲಿ ನಕ್ಕು, ಪ್ರತಿ ಸಂಜೆಯೂ ಅನುತ್ತೀರ್ಣರಾಗುತ್ತಿದ್ದರು.

“ಅಕ್ಕ ಆಗಿದ್ರೆ ಇಷ್ಟೊತ್ತಿಗೆ ‘ಆಮೇಲೆ?’ ಅಂತ ಕೇಳಿರೋಳು” ಎಂದಳು ಹೆಂಡತಿ ಒಂದು ದಿನ, ಕಣ್ಣೊರೆಸಿಕೊಂಡು.

“ಆಮೇಲೆ?” ಎಂದರು ಯಜಮಾನರು ಗಾಬರಿಯಿಂದ.

“ಆಮೇಲೇನು ನಿಮ್ಮ ತಲೆ!”

ಅತ್ತಿಗೆಯನ್ನು ಊರಲ್ಲಿ ಉಳಿಸಿಕೊಳ್ಳದೆ ತಮಗೆ ಉಳಿಗಾಲವಿಲ್ಲವೆಂಬುದು ಯಜಮಾನರಿಗೆ ಅಂದೇ ಮನದಟ್ಟಾಯಿತು. ಹುಲ್ಲು ತೆಗೆಯಬೇಕು, ಅಷ್ಟೇ. ಇಷ್ಟು ಸರಳವಾದ ಸತ್ಕಾರ್ಯವನ್ನು ಸದ್ದಿಲ್ಲದೆ ಮಾಡಿ ಮುಗಿಸುವುದು ಸಜ್ಜನರ ಲಕ್ಷಣ. ಆದರೆ ಮನುಷ್ಯನಿಗೆ ಕೆಲಸಕ್ಕಿಂತ ಮುಂಚೆ ಕೀರ್ತಿ ಬೇಕು. ಯಜಮಾನರು ಮೋಟುಗೋಡೆಯ ಮೇಲೆ ಕಾಲಿಟ್ಟು, ಪಕ್ಕದ ಮನೆಯ ಟೈಲರ್‌ನನ್ನು ಕರೆದು, ಜೀವನದಲ್ಲಿ ಒಂದು ಹುಲ್ಲುಕಡ್ಡಿಯನ್ನೂ ಕೊಯ್ಯದ ಕೈಯನ್ನು ಮುಂದೆ ಚಾಚಿ ಹೇಳಿದರು:

“ನೋಡಯ್ಯ, ಇಳಿಜಾರಿನ ಹುಲ್ಲು ಕೊಯ್ಯೋದು ಒಂದು ಶಾಸ್ತ್ರ. ಇದರಲ್ಲಿ ಮೊದಲನೇ ನಿಯಮ ಏನು ಗೊತ್ತಾ? ಇಳಿಜಾರಿನ ಮೇಲೆ ಕಾಲಿಡಬಾರದು.”

“ಕಾಲಿಡದೆ ಕೊಯ್ಯೋದು ಹೇಗೆ ಸಾರ್?”

“ಅದೇ ಶಾಸ್ತ್ರ.”

ಟೈಲರ್ ಬಾಯಿ ತೆರೆದವನು ಮುಚ್ಚಲು ಮರೆತ. ಸಂಜೆಯೊಳಗೆ ಮೇಲಿನ ಸಾಲಿಗೆಲ್ಲ ಕನ್ನಡಕದ ಯಜಮಾನರು ಹುಲ್ಲಿನ ಶಾಸ್ತ್ರ ಬಲ್ಲವರೆಂದು ಗೊತ್ತಾಯಿತು. ಈಗ ಹಿಂದೆ ಸರಿಯುವಂತಿರಲಿಲ್ಲ.

ಶಾಸ್ತ್ರ ಹೀಗಿತ್ತು. ಆಟದ ಮೈದಾನದಿಂದ ಕೈಯಲ್ಲಿ ತಳ್ಳುವ ಹುಲ್ಲು ಕತ್ತರಿಸುವ ಯಂತ್ರವೊಂದನ್ನು ಬೇಡಿ ತಂದರು. ಚಕ್ರ ಉರುಳಿದರೆ ಅದರ ಅಲಗುಗಳು ತಿರುಗುತ್ತಿದ್ದವು. ಅದರ ಹಿಡಿಗೆ ಬಾವಿಹಗ್ಗ ಬಿಗಿದು, ಮೋಟುಗೋಡೆಯಿಂದ ಕೆಳಕ್ಕೆ ಬಿಟ್ಟರು. ಯಂತ್ರ ತನ್ನ ಭಾರಕ್ಕೆ ತಾನೇ ಉರುಳುತ್ತಾ, ಕರಕರನೆ ಹುಲ್ಲು ಮೇಯುತ್ತಾ ಇಳಿಯಿತು. ಅದು ಉಬ್ಬಿನ ಅಂಚಿಗೆ ಹೋಗಿ ಕಣ್ಮರೆಯಾಗುವ ಹೊತ್ತಿಗೆ ಯಜಮಾನರೂ ಟೈಲರೂ ಸೇರಿ ಹಗ್ಗ ಜಗ್ಗಿ ಮೇಲಕ್ಕೆಳೆದರು. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ಬಿಟ್ಟರು.

“ಸಾರ್, ಇನ್ನೂ ಸ್ವಲ್ಪ ಹಗ್ಗ ಬಿಡೋಣ್ವಾ? ಉಬ್ಬಿನ ಆಚೆಗೆ?”

“ಬೇಡ. ಕಣ್ಣಿಗೆ ಕಾಣದ ಕಡೆ ಯಂತ್ರ ಬಿಡಬಾರದು. ಅದು ಎರಡನೇ ನಿಯಮ.”

ಈ ಎರಡನೇ ನಿಯಮ ಆ ಕ್ಷಣದಲ್ಲಿ, ಅಂಗೈ ಬೊಬ್ಬೆಯೆದ್ದ ನೋವಿನಲ್ಲಿ, ಹುಟ್ಟಿದ್ದು. ನಿಯಮಗಳು ಹೆಚ್ಚಾಗಿ ಹುಟ್ಟುವುದು ಹೀಗೆಯೇ.

ಸಾಯಂಕಾಲಕ್ಕೆ ಮೋಟುಗೋಡೆಯಿಂದ ನೋಡಿದರೆ ಇಳಿಜಾರು ಕೊನೆಯವರೆಗೂ ನುಣ್ಣಗಾಗಿತ್ತು. ಕೊನೆಯೆಂದರೆ ಕಣ್ಣಿಗೆ ಕಾಣುವ ಕೊನೆ. ಸಾಲು ಸಾಲಾಗಿ ಚಕ್ರದ ಗುರುತು, ಹೊಸ ಬಟ್ಟೆಯ ಪಟ್ಟೆಯಂತೆ. ಮೇಲಿನ ಸಾಲಿನವರೆಲ್ಲ ಬಂದು ನೋಡಿ ತಲೆದೂಗಿದರು. ಹೆಂಡತಿಯ ಮುಖದಲ್ಲಿ ಹಲವು ವಾರಗಳ ನಂತರ ಬೆಳಕು ಮೂಡಿತು. ಅವಳು ಗೋಡೆಯ ಮೇಲೆ ಬಗ್ಗಿ, ಮಾತು ಬಿಟ್ಟಿರುವುದರಿಂದ ಯಾರ ಹೆಸರನ್ನೂ ಹಿಡಿಯದೆ, ಆಕಾಶಕ್ಕೆ ಹೇಳುವಂತೆ ಕೂಗಿದಳು:

“ನಮ್ಮನೆಯವರು ಹುಲ್ಲೆಲ್ಲಾ ಕೊಯ್ದು ಮುಗಿಸಿದ್ದಾರೆ! ಕಣ್ಣಿದ್ದವರು ನೋಡಿಕೊಳ್ಳಬಹುದು!”

ಕೆಳಗೆ ಒಗೆಯುವ ಸದ್ದು ನಿಂತಿತು. ಅಕ್ಕ ತಲೆಯೆತ್ತಿ ನೋಡಿದಳು. ಅವಳ ಮುಂದೆ ಉಬ್ಬಿನವರೆಗೂ ಎದೆಯೆತ್ತರದ ಹುಲ್ಲು ಗಾಳಿಗೆ ತಲೆಯಾಡಿಸುತ್ತಿತ್ತು. ಒಂದು ಕಡ್ಡಿಯೂ ಅಲುಗಿರಲಿಲ್ಲ.

“ಎಲಾ ಇವಳ!” ಎಂದಳು ಅಕ್ಕ. “ಹಗಲಲ್ಲಿ ಇಷ್ಟು ದೊಡ್ಡ ಸುಳ್ಳು! ರೀ, ಬನ್ರೀ ಇಲ್ಲಿ! ಹುಲ್ಲು ಕೊಯ್ದಾಯಿತಂತೆ!”

ಡ್ರಿಲ್ ಮಾಸ್ತರರು ಹೊರಗೆ ಬಂದು, ಕಾಲು ಜೋಡಿಸಿ ನಿಂತು, ಹುಲ್ಲನ್ನು ಎಡದಿಂದ ಬಲಕ್ಕೆ ಪರೀಕ್ಷಿಸಿದರು. ಪಕ್ಕದ ಮನೆಯ ನರ್ಸಮ್ಮನೂ ಬೇಲಿಯ ಮೇಲಿಂದ ಇಣುಕಿದಳು.

“ಇದು ಕೊಯ್ದ ಹುಲ್ಲಾದ್ರೆ ಕೊಯ್ಯದ ಹುಲ್ಲು ಹೇಗಿರುತ್ತೆ ಮಾಸ್ತರೇ?” ಎಂದಳು ನರ್ಸಮ್ಮ.

ಮಾಸ್ತರರು ಸಹಿಸಲಾರದೆ ಹೋದರು. ತಮ್ಮ ಷಡ್ಡಕನ ಸುಳ್ಳನ್ನು ಕ್ರಿಯೆಯಿಂದಲೇ ಖಂಡಿಸಲು ನಿರ್ಧರಿಸಿದರು. ಮರುದಿನ ಬೆಳಗ್ಗೆ ಹಣ್ಣು ಕೀಳುವ ದೋಟಿಯ ತುದಿಗೆ ಕುಡುಗೋಲು ಬಿಗಿದು, ಏಣಿ ಹತ್ತಿ, “ಒಂದು—ಎರಡು! ಒಂದು—ಎರಡು!” ಎಂದು ತಮಗೆ ತಾವೇ ಆಜ್ಞೆ ಕೊಟ್ಟುಕೊಳ್ಳುತ್ತಾ, ಕೆಳಗಿನಿಂದ ಮೇಲಕ್ಕೆ ಕೊಯ್ಯತೊಡಗಿದರು. ದೋಟಿ ಎಟುಕಿದಷ್ಟು, ಕಣ್ಣಿಗೆ ಕಂಡಷ್ಟು ಕೊಯ್ದರು. ಕೊಯ್ದದ್ದೋ, ಮೊಂಡು ಕತ್ತಿಯ ಕ್ಷೌರದಂತೆ, ಒಂದು ಕಡೆ ಬೋಳು ಒಂದು ಕಡೆ ಜುಟ್ಟು. ಆದರೆ ಕೆಳಗೆ ನಿಂತು ನೋಡಿದರೆ ಆಕಾಶದ ತನಕ ಹುಲ್ಲಿಲ್ಲ.

ಅಕ್ಕ ಒಗೆಯುವ ಕಲ್ಲಿಗೆ ಘೋಷಿಸಿದಳು: “ಈಗ ನಿಜವಾಗಿ ಮುಗೀತು! ಕೊಯ್ದಿದ್ದು ಯಾರು ಅಂತ ದೇವರಿಗೆ ಗೊತ್ತು!”

ಮೇಲೆ ತಂಗಿ ಬಗ್ಗಿ ನೋಡಿದಳು. ನಿನ್ನೆ ಹೇಗಿತ್ತೋ ಇಂದೂ ಹಾಗೆಯೇ ನುಣ್ಣಗಿತ್ತು.

“ರೀ! ನೀವು ಕೊಯ್ದಿದ್ದನ್ನ ಭಾವ ಕೊಯ್ದರಂತೆ!”

“ಯಾವಾಗ?” ಎಂದರು ಯಜಮಾನರು.

“ಇವತ್ತು.”

“ಇವತ್ತು ಕೊಯ್ಯೋಕೆ ಏನಿತ್ತು?”

“ಅದನ್ನೇ ನಾನು ಕೇಳ್ತಿರೋದು!”

ಸತ್ಯಶೋಧನೆಗಾಗಿ ಟೈಲರ್ ಸಾಲಿನ ತುದಿಯ ತಿರುವಿನಲ್ಲಿದ್ದ ಮೆಟ್ಟಿಲಿಳಿದು ಕೆಳಗಿನ ಸಾಲಿಗೆ ಹೋದ. ನರ್ಸಮ್ಮ ಅದೇ ಮೆಟ್ಟಿಲು ಹತ್ತಿ ಮೇಲಿನ ಸಾಲಿಗೆ ಬಂದಳು. ಟೈಲರ್ ಕೆಳಗಿನಿಂದ ನೋಡಿ, “ಪೂರ್ತಿ ಕೊಯ್ದಿದೆ” ಎಂದ. ನರ್ಸಮ್ಮ ಮೇಲಿನಿಂದ ನೋಡಿ, “ಪೂರ್ತಿ ಕೊಯ್ದಿದೆ” ಎಂದಳು. ಹೀಗೆ ಇಡೀ ಇಳಿಜಾರನ್ನು ಯಜಮಾನರು ಕೊಯ್ದದ್ದಕ್ಕೂ, ಇಡೀ ಇಳಿಜಾರನ್ನು ಮಾಸ್ತರರು ಕೊಯ್ದದ್ದಕ್ಕೂ ಪ್ರತ್ಯಕ್ಷ ಸಾಕ್ಷಿ ದೊರಕಿತು. ಎರಡು ಸಾಲಿನವರೂ ತಮ್ಮ ತಮ್ಮ ವೀರನ ಪಕ್ಷ ವಹಿಸಿ ಹಾಲಿನ ಅಂಗಡಿಯ ಮುಂದೆ, ನಲ್ಲಿಯ ಮುಂದೆ ಜಗಳವಾಡಿದರು. ನಿನ್ನೆಯವರೆಗೆ ಯಾರಿಗೂ ಬೇಡವಾಗಿದ್ದ ಹುಲ್ಲು, ಹೋದ ಮೇಲೆ ಎಲ್ಲರಿಗೂ ಬೇಕಾಯಿತು. ನಮ್ಮ ಜನರ ಈ ಗುಣವನ್ನು ಏನೆಂದು ಕರೆಯಬೇಕೋ ತಿಳಿಯದು.

ಇನ್ನು ಅಕ್ಕನ ಸಂಗತಿ. ಅವಳ ಕಿಟಕಿಯ ಮುಂದೆ ಹುಲ್ಲು ಹೋಗಿತ್ತು. ನ್ಯಾಯವಾಗಿ ಅವಳು ಊರಲ್ಲಿ ಉಳಿಯಬೇಕಿತ್ತು. ಆದರೆ ಅವಳು ಪೆಟ್ಟಿಗೆ ಕಟ್ಟತೊಡಗಿದಳು.

“ಹೆಗ್ಗಣದ ಜೊತೆ ಬಾಳಬಹುದು ನರ್ಸಮ್ಮ, ಸುಳ್ಳಿನ ಜೊತೆ ಬಾಳೋಕಾಗಲ್ಲ. ಬೆವರು ನಮ್ಮ ಮಾಸ್ತರರದು, ಹೆಸರು ಅವಳ ಗಂಡಂದು! ಒಡಹುಟ್ಟಿದವಳು ನನ್ನ ಮುಖದ ಮೇಲೆ ಸುಳ್ಳು ಹೇಳಿದಳಲ್ಲಾ!”

ಭಾನುವಾರಕ್ಕೆ ಲಾರಿ ಹೇಳಿಯಾಯಿತೆಂಬ ಸುದ್ದಿ ಮೇಲಿನ ಮನೆಗೆ ಮುಟ್ಟಿತು. ತಂಗಿ ಅಂದು ಊಟಕ್ಕೆ ಕೂರಲಿಲ್ಲ. ಹುಲ್ಲು ಇದ್ದರೆ ಅತ್ತಿಗೆ ಹೋಗುತ್ತಾಳೆ, ಹುಲ್ಲು ಹೋದರೂ ಅತ್ತಿಗೆ ಹೋಗುತ್ತಾಳೆ. ಹಾಗಿದ್ದ ಮೇಲೆ ಅಂಗೈ ಬೊಬ್ಬೆ ಎಬ್ಬಿಸಿಕೊಂಡದ್ದು ಏತಕ್ಕೆ ಎಂದು ಯಜಮಾನರಿಗೆ ತಲೆಬುಡ ತಿಳಿಯಲಿಲ್ಲ.

ಗಾಯದ ಮೇಲೆ ಬರೆ ಎಳೆಯಲು ನಗರಸಭೆಯ ಉದ್ಯಾನ ಮೇಲ್ವಿಚಾರಕರು ಬಂದರು. ಕೆಳಗಿನ ಸಾಲಿನ ಆಚೆ ರಸ್ತೆ, ರಸ್ತೆಯ ಆಚೆ ದಿಣ್ಣೆ, ದಿಣ್ಣೆಯ ಮೇಲೆ ನಗರಸಭೆ. ಅದರ ಮಹಡಿಯ ಕಿಟಕಿಯಲ್ಲಿ ಮೇಲ್ವಿಚಾರಕರ ಮೇಜು. ಸ್ಥೂಲಕಾಯದ ಆ ಅಧಿಕಾರಿ ಏದುಸಿರು ಬಿಡುತ್ತಾ ಯಜಮಾನರ ಹಿತ್ತಿಲಿಗೆ ಬಂದು ನಿಂತರು.

“ಮೇಲೂ ಕೊಯ್ದಿದ್ದೀರಿ, ಕೆಳಗೂ ಕೊಯ್ದಿದ್ದೀರಿ. ನಡುವೆ ಯಾಕ್ರೀ ಬಿಟ್ಟಿದ್ದೀರಿ? ಬೋಳಿಸಿದ ಮುಖದಲ್ಲಿ ಮೀಸೆ ಬಿಟ್ಟ ಹಾಗೆ! ನಮ್ಮ ಸಾಹೇಬರು ಬಂದವರು ಅದನ್ನ ನೋಡಿ ನಕ್ಕರು. ನಕ್ಕಿದ್ದು ಹುಲ್ಲಿಗೋ ನನಗೋ ಗೊತ್ತಾಗಲಿಲ್ಲ.”

“ನಡುವೆ?” ಎಂದರು ಯಜಮಾನರು. “ನಡುವೆ ಏನೂ ಇಲ್ವಲ್ಲ ಸ್ವಾಮಿ. ನೀವೇ ನೋಡಿ.”

ಮೇಲ್ವಿಚಾರಕರು ಗೋಡೆಯ ಮೇಲೆ ಬಗ್ಗಿದರು. ಹೌದು, ಏನೂ ಇರಲಿಲ್ಲ. ಹುಬ್ಬುಗಂಟಿಕ್ಕಿ ಮೆಟ್ಟಿಲಿಳಿದು ಮಾಸ್ತರರ ಹಿತ್ತಿಲಿಗೆ ಹೋದರು. ಮಾಸ್ತರರು ಸೆಲ್ಯೂಟ್ ಹೊಡೆದು, “ನಡುವೆ ಹುಲ್ಲು ಇಲ್ಲ ಸಾರ್!” ಎಂದು ವರದಿ ಒಪ್ಪಿಸಿದರು. ಮೇಲ್ವಿಚಾರಕರು ಕತ್ತೆತ್ತಿ ನೋಡಿದರು. ಇಲ್ಲ. ರಸ್ತೆ ದಾಟಿ, ದಿಣ್ಣೆ ಹತ್ತಿ, ಮಹಡಿ ಹತ್ತಿ, ಕಿಟಕಿಗೆ ಮೂಗು ಹಚ್ಚಿದರು. ಅಲ್ಲೇ ಇತ್ತು! ಉಬ್ಬಿನ ಉದ್ದಕ್ಕೂ, ದಟ್ಟವಾಗಿ, ಅಹಂಕಾರದಿಂದ. ಮತ್ತೆ ಇಳಿದು ಬಂದರು. ಇಲ್ಲ. ಮತ್ತೆ ಹತ್ತಿದರು. ಇದೆ. ಸರ್ಕಾರಿ ಸೇವೆಯಲ್ಲಿ ಅವರು ಅನೇಕ ಸಮಸ್ಯೆಗಳನ್ನು ಕಂಡಿದ್ದರು. ಸ್ಥಳಕ್ಕೆ ಹೋದರೆ ಇಲ್ಲದಿರುವ, ಕಚೇರಿಗೆ ಬಂದರೆ ಇರುವ ಸಮಸ್ಯೆಯನ್ನು ಕಂಡಿರಲಿಲ್ಲ.

ಆ ಸಂಜೆ ಅವರು ಯಾರಿಗೂ ಕಾಣದಂತೆ ಯಜಮಾನರ ಅಂಗಡಿಗೆ ಬಂದು, ಬಾಗಿಲು ಅರ್ಧ ಮುಚ್ಚಿ, ತಗ್ಗಿದ ದನಿಯಲ್ಲಿ ಹೇಳಿದರು: “ನನ್ನ ಕಣ್ಣು ಸ್ವಲ್ಪ ನೋಡ್ರೀ.”

ಯಜಮಾನರು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಅಕ್ಷರಫಲಕ ಓದಿಸಿದರು. ಅಧಿಕಾರಿಗಳು ಕೊನೆಯ ಸಾಲಿನ ಕೂದಲೆಳೆಯಂಥ ಅಕ್ಷರಗಳನ್ನೂ ಗಡಗಡನೆ ಓದಿದರು.

“ತೊಂದರೆ ಏನು ಅಂತ ಹೇಳಿ ಸ್ವಾಮಿ.”

“ದೂರದಿಂದ ನೋಡಿದ್ರೆ ಕಾಣುತ್ತೆ. ಹತ್ತಿರ ಹೋದ್ರೆ ಕಾಣಲ್ಲ.”

ಯಜಮಾನರ ಮುಖ ಅರಳಿತು. ಎಷ್ಟೋ ದಿನಗಳ ನಂತರ ತಮಗೆ ಅರ್ಥವಾಗುವ ಒಂದು ಮಾತನ್ನು ಅವರು ಕೇಳಿದ್ದರು. “ಅಯ್ಯೋ, ಅದಕ್ಕೇನು ಗಾಬರಿ! ವಯಸ್ಸಾದ ಮೇಲೆ ಎಲ್ಲರಿಗೂ ಅದೇ. ಹತ್ತಿರದ್ದು ಕಾಣೋದಕ್ಕೆ ನಮ್ಮಲ್ಲಿ ಕನ್ನಡಕ ಇದೆ” ಎಂದು ಓದುವ ಕನ್ನಡಕವೊಂದನ್ನು ಅವರ ಮೂಗಿಗೇರಿಸಿದರು.

ಮೇಲ್ವಿಚಾರಕರು ಅದನ್ನು ಧರಿಸಿ ಕಚೇರಿಯ ಕಿಟಕಿಯಲ್ಲಿ ನಿಂತರು. ಹುಲ್ಲು ಮಾಯ! ಸಂತೋಷದಿಂದ ಇನ್ನೊಮ್ಮೆ ನೋಡಿದರು. ಇಳಿಜಾರೂ ಮಾಯ, ಮನೆಗಳೂ ಮಾಯ, ಎಲ್ಲವೂ ಗಂಜಿ ಕಲಸಿದಂತೆ. ಮರುದಿನ ಯಜಮಾನರನ್ನೂ, ಜೊತೆಗೆ ಡ್ರಿಲ್ ಮಾಸ್ತರರನ್ನೂ ಕಚೇರಿಗೆ ಕರೆಸಿದರು. ಷಡ್ಡಕರಿಬ್ಬರೂ ಮಾತಿಲ್ಲದೆ, ಒಬ್ಬರು ರಸ್ತೆಯ ಎಡಬದಿ ಇನ್ನೊಬ್ಬರು ಬಲಬದಿ ಹಿಡಿದು ಬಂದರು.

“ಈ ಕಿಟಕೀಲಿ ನಿಂತು ನೋಡಿ!” ಎಂದು ಅಧಿಕಾರಿ ಗರ್ಜಿಸಿದರು. “ಅದು ಹುಲ್ಲೋ, ನನ್ನ ಭ್ರಮೆಯೋ?”

ಇಬ್ಬರೂ ನೋಡಿದರು. ಎದುರಿಗೆ ಇಡೀ ಇಳಿಜಾರು ನೆತ್ತಿಯಿಂದ ಪಾದದವರೆಗೆ ಬಿಚ್ಚಿಕೊಂಡಿತ್ತು. ಮೇಲೆ ಯಜಮಾನರ ಪಟ್ಟೆ ಪಟ್ಟೆಯ ಕೊಯ್ಲು. ಕೆಳಗೆ ಮಾಸ್ತರರ ಮೊಂಡು ಕ್ಷೌರ. ನಡುವೆ, ಉಬ್ಬಿದ ಹೊಟ್ಟೆಯ ಮೇಲೆ ಬಿಗಿದ ನಡುಪಟ್ಟಿಯಂತೆ, ಎದೆಯೆತ್ತರದ ಹುಲ್ಲು. ಮೇಲಿನವರಿಗೂ ಕಾಣದ, ಕೆಳಗಿನವರಿಗೂ ಕಾಣದ ಹುಲ್ಲು.

ಮಾಸ್ತರರು ಮೇಲಿನ ಪಟ್ಟೆಗಳನ್ನು ಒಂದೊಂದಾಗಿ ಎಣಿಸಿದರು.

“ಮೇಲಿನ ಅರ್ಧ ನೀನು ಕೊಯ್ದಿದ್ದೇನಯ್ಯಾ?” ಎಂದರು ಮಾಸ್ತರರು ಕೊನೆಗೆ.

“ಹೌದು ಭಾವ. ಕೆಳಗಿಂದು ನೀವಾ?”

“ನಾನೇ. ಹಾಗಾದ್ರೆ ನೀನು ಸುಳ್ಳು ಹೇಳಲಿಲ್ಲ.”

“ನೀವೂ ಹೇಳಲಿಲ್ಲ.”

ಇಲ್ಲಿಗೆ ಇಬ್ಬರೂ ಅಪ್ಪಿಕೊಂಡಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಮಾಸ್ತರರು ಕಿಟಕಿಯತ್ತ ಬೆರಳು ತೋರಿ, “ಆ ನಡುವಿಂದು ಮಾತ್ರ ನಿನ್ನದು. ನಿನ್ನ ಹಗ್ಗ ಸಾಕಾಗದೆ ಉಳಿದಿದ್ದು” ಎಂದರು.

“ಅದು ಹೇಗೆ ಭಾವ? ನಿಮ್ಮ ದೋಟಿ ಎಟುಕದೆ ಉಳಿದಿದ್ದು!”

“ಯಾರದಾದ್ರೂ ಆಗ್ಲಿ,” ಎಂದರು ಮೇಲ್ವಿಚಾರಕರು ಮೇಜು ಗುದ್ದಿ, “ಭಾನುವಾರ ರಜಾ ಇದ್ರೂ ಬರ್ತೀನಿ. ಬೆಳಗ್ಗೆ ನಾನು ಈ ಕಿಟಕಿ ತೆಗೆದಾಗ ಅದು ಇರಬಾರದು!”

ಇಬ್ಬರೂ ಮನೆಗೆ ಹೋಗಿ ತಂತಮ್ಮ ಹೆಂಡತಿಯರಿಗೆ ನಿಜ ಹೇಳಿದರು. ನಿಜಕ್ಕೆ ಸಿಗಬೇಕಾದ ಮರ್ಯಾದೆ ಅದಕ್ಕೆ ಸಿಗಲಿಲ್ಲ.

“ನಡುವೆ ಹುಲ್ಲಾ?” ಎಂದು ತಂಗಿ ಗೋಡೆಯ ಮೇಲೆ ಬಗ್ಗಿ ನೋಡಿದಳು. “ಎಲ್ಲಿದೆ ರೀ? ಭಾವನ ಜೊತೆ ಸೇರ್ಕೊಂಡು ಇದೇನು ಹೊಸ ಕಥೆ?”

“ಇಲ್ಲಿಂದ ಕಾಣಲ್ಲ ಕಣೇ. ನಗರಸಭೆಯಿಂದ ಮಾತ್ರ ಕಾಣುತ್ತೆ.”

“ನಮ್ಮ ಹಿತ್ತಿಲು ನಮಗೆ ಕಾಣಲ್ಲ, ನಗರಸಭೆಗೆ ಕಾಣುತ್ತಾ? ಕನ್ನಡಕದ ಅಂಗಡಿ ಮುಚ್ಚಿಬಿಡಿ!”

ಕೆಳಗಿನ ಮನೆಯಲ್ಲಿಯೂ ಇದೇ ಸಂಭಾಷಣೆ ನಡೆಯಿತು, ಪಾತ್ರೆ ಕಟ್ಟುವ ಸದ್ದಿನ ನಡುವೆ.

ಆದರೂ ಕೊಯ್ಯದೆ ಗತ್ಯಂತರವಿರಲಿಲ್ಲ. ಭಾನುವಾರ ಬೆಳಗ್ಗೆ ಲಾರಿ ಬರುವುದಕ್ಕೆ ಮುಂಚೆ ಮುಗಿಸಬೇಕು. ಹುಲ್ಲಿನ ಹೆಸರೇ ಉಳಿಯದಿದ್ದರೆ ಅತ್ತಿಗೆಯ ಮನಸ್ಸು ತಿರುಗೀತು ಎಂಬ ಕ್ಷೀಣ ಆಸೆ ಯಜಮಾನರಿಗೆ. ಉಬ್ಬಿನ ನಡುವಿಗೆ ಯಂತ್ರ ಹೋಗದು, ದೋಟಿ ಎಟುಕದು. ಮನುಷ್ಯನೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯಬೇಕು. ಕಾಲಿಡಬಾರದೆಂಬ ಮೊದಲ ನಿಯಮ ಗಾಳಿಗೆ ಹೋಯಿತು. ಮಾಸ್ತರರು ಕೆಳಗಿನಿಂದ ಹತ್ತಲು ನೋಡಿ, ಕೊಯ್ದ ಕೂಳೆಯ ಮೇಲೆ ಜಾರಿ, ಒಗೆಯುವ ನೀರಿನ ತೊಟ್ಟಿಯವರೆಗೆ ಕುಳಿತೇ ಬಂದದ್ದರಿಂದ ಅವರಿಗೂ ಮೇಲಿನಿಂದಲೇ ಹಗ್ಗ ಬೇಕಾಯಿತು.

“ಹಗ್ಗ ನಾನು ಹಿಡೀತೀನಮ್ಮಾ” ಎಂದ ಟೈಲರ್.

“ಬೇಡಪ್ಪ,” ಎಂದಳು ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ. “ನೀನು ಹೊಲಿದ ಗುಂಡಿಯೇ ಒಂದು ವಾರ ನಿಲ್ಲಲ್ಲ. ನನ್ನ ಗಂಡನ ಹಗ್ಗ ನಾನೇ ಹಿಡೀತೀನಿ.”

ಹೀಗೆ ಹೆಗ್ಗಣದ ದಿನದಿಂದ ತಂಗಿಯ ಹೊಸ್ತಿಲು ಮೆಟ್ಟದಿದ್ದ ಅಕ್ಕ, ಗಂಡನ ಪ್ರಾಣ ಕಾಯುವ ನೆಪದಲ್ಲಿ, ತಂಗಿಯ ಹಿತ್ತಿಲಿಗೆ ಬಂದಳು. ಮೋಟುಗೋಡೆಯ ಪಕ್ಕದ ಕಬ್ಬಿಣದ ಕಂಬಕ್ಕೆ ಎರಡು ಹಗ್ಗಗಳನ್ನೂ ಸುತ್ತಿ, ಒಂದರ ತುದಿ ಅಕ್ಕ, ಇನ್ನೊಂದರ ತುದಿ ತಂಗಿ ಹಿಡಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಷಡ್ಡಕರಿಬ್ಬರೂ ಕುಡುಗೋಲು ಹಿಡಿದು, ಗೋಡೆಯಿಂದ ಹಿಮ್ಮುಖವಾಗಿ ಇಳಿಯತೊಡಗಿದರು. ಅಂಥ ಹೊತ್ತಿನಲ್ಲೂ ಮಾಸ್ತರರು, “ಎಡಗಾಲು! ಬಲಗಾಲು!” ಎಂದು ಹೇಳಿಕೊಡುತ್ತಿದ್ದರು. ಯಜಮಾನರು ಎಡಗಾಲೆಂದರೆ ಬಲಗಾಲನ್ನೂ ಬಲಗಾಲೆಂದರೆ ಎರಡನ್ನೂ ಎತ್ತುತ್ತಾ, ಬಹುಪಾಲು ದಾರಿಯನ್ನು ಹೊಟ್ಟೆಯ ಮೇಲೆಯೇ ಕ್ರಮಿಸಿದರು. ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ಉಬ್ಬಿನ ಆಚೆ ಕಣ್ಮರೆಯಾದರು.

ಮೇಲೆ ಅಕ್ಕತಂಗಿಯರ ನಡುವೆ ಟೈಲರ್ ನಿಂತಿದ್ದ.

“ಟೈಲರ್,” ಎಂದಳು ಅಕ್ಕ, “ಆ ಕಡೆಯವರಿಗೆ ಹೇಳು, ಹಗ್ಗ ಕೈಗೆ ಸುತ್ಕೋಬೇಡ ಅಂತ. ಬೆರಳು ಹೋಗುತ್ತೆ.”

“ಟೈಲರ್,” ಎಂದಳು ತಂಗಿ, “ಈ ಕಡೆಯವರಿಗೆ ಹೇಳು, ನನಗೆ ಗೊತ್ತಿದೆ ಅಂತ.”

“ಟೈಲರ್, ಗೊತ್ತಿದ್ರೆ ಯಾಕೆ ಸುತ್ಕೊಂಡಿದ್ದಾಳೆ ಅಂತ ಕೇಳು.”

ಟೈಲರ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ, “ಇಬ್ಬರೂ ಇಲ್ಲೇ ಇದ್ದೀರಲ್ಲಮ್ಮಾ...” ಎಂದು ತೊದಲಿದ. ಅಕ್ಕ ಅವನ ಮಾತಿಗೆ ಕಿವಿಗೊಡದೆ, ಗಂಡ ಎಲ್ಲಿಯವರೆಗೆ ಇಳಿದನೆಂದು ತಿಳಿಯಲು ಗೋಡೆಯ ಮೇಲೆ ಬಗ್ಗಿದಳು. ಬಗ್ಗಿದವಳು ಹಾಗೆಯೇ ನಿಂತುಬಿಟ್ಟಳು.

ಅವಳ ಕಣ್ಣ ಮುಂದೆ ಇಳಿಜಾರು ಕಾಣುವ ಕೊನೆಯವರೆಗೂ ನುಣ್ಣಗಿತ್ತು. ಸಾಲು ಸಾಲಾಗಿ ಚಕ್ರದ ಗುರುತು.

“ಇದು ನಮ್ಮ ಮಾಸ್ತರರ ಕೊಯ್ಲಲ್ಲ” ಎಂದಳು ನಿಧಾನವಾಗಿ. “ಅವರು ಕೊಯ್ದರೆ ನಾಯಿ ಕಚ್ಚಿದ ಕಂಬಳಿ ಹಾಗಿರುತ್ತೆ. ಇಷ್ಟು ಅಚ್ಚುಕಟ್ಟು ಅವರ ಏಳು ಜನ್ಮಕ್ಕೂ ಬರಲ್ಲ.” ನಂತರ ಟೈಲರ್‌ನನ್ನು ದಾಟಿ, ನೇರವಾಗಿ ತಂಗಿಯ ಮುಖ ನೋಡಿದಳು. “ನೀನು ಅವತ್ತು ಇಲ್ಲಿ ನಿಂತು ಕೂಗಿದೆಯೇನೇ?”

“ಇಲ್ಲೇ ಅಕ್ಕ. ಇದೇ ಗೋಡೆಯ ಮೇಲೆ ಕೈಯಿಟ್ಟು.”

“ನಿನಗೆ ಹೀಗೇ ಕಂಡಿತಾ?”

“ಹೀಗೇ ಕಂಡಿತು.”

“ಅಯ್ಯೋ ನನ್ನ ಬಾಯಿಗೆ ಬೆಂಕಿ ಬೀಳ! ಒಡಹುಟ್ಟಿದವಳನ್ನ ಸುಳ್ಳುಗಾತಿ ಅಂದುಬಿಟ್ಟೆನಲ್ಲೇ! ಟೈಲರ್, ಓಡು, ಲಾರಿಯವನಿಗೆ ಬರಬೇಡ ಅಂತ ಹೇಳು! ನಿಂತ್ಕೊಂಡು ಏನು ನೋಡ್ತೀಯಾ?”

ಟೈಲರ್ ಓಡಿದ. ಅಕ್ಕತಂಗಿಯರು ಕೈಯಲ್ಲಿದ್ದ ಹಗ್ಗಗಳನ್ನು ಕಂಬಕ್ಕೆ ಬಿಗಿಯಾಗಿ ಗಂಟು ಹಾಕಿ, ಮೋಟುಗೋಡೆಯ ಮೇಲೆ ಒತ್ತಾಗಿ ಕುಳಿತರು. ಕಟ್ಟೆಯೊಡೆದ ಹಾಗೆ ಮಾತು ಹರಿಯಿತು. ಹಿಟ್ಟಿನ ಡಬ್ಬಿ, ಸಕ್ಕರೆಯ ಡಬ್ಬಿ, ನರ್ಸಮ್ಮನ ಚಾಡಿ, ಸೊಸೆಯ ಫೋನು, ಮೊಣಕಾಲು ನೋವು. ಒಂದು ಘಟ್ಟದಲ್ಲಿ ಮಾತ್ರ ಅಕ್ಕ ತಟ್ಟನೆ ನಿಲ್ಲಿಸಿ, ಬಗ್ಗಿ ಮತ್ತೆ ಇಳಿಜಾರನ್ನು ನೋಡಿದಳು.

“ಅಲ್ಲಾ ಕಣೇ, ಎಲ್ಲಾ ಕೊಯ್ದಾಗಿದೆ. ಇವರಿಬ್ಬರೂ ಕೆಳಗೆ ಏನು ಕೊಯ್ಯೋಕೆ ಹೋದರು?”

“ಅದೇ ನನಗೂ ಅರ್ಥ ಆಗ್ತಿಲ್ಲ ಅಕ್ಕ.”

“ಹೋಗ್ಲಿ ಬಿಡು. ಆಮೇಲೆ?”

ಉಬ್ಬಿನ ಮೇಲೆ, ಎದೆಯೆತ್ತರದ ಹುಲ್ಲಿನ ನಡುವೆ, ಷಡ್ಡಕರಿಬ್ಬರೂ ಒಂದು ಕಡ್ಡಿಯನ್ನೂ ಕೊಯ್ಯದೆ ನಿಂತಿದ್ದರು. ಎಲ್ಲಿಂದ ಶುರುಮಾಡಬೇಕು, ಎಡದಿಂದಲೋ ಬಲದಿಂದಲೋ, ಎಂಬ ವಾದ ಇನ್ನೂ ಇತ್ಯರ್ಥವಾಗಿರಲಿಲ್ಲ. ಅಷ್ಟರಲ್ಲಿ ಮೇಲಿನಿಂದ ನಗುವಿನ ಸದ್ದು ಕೇಳಿತು. ಎದುರಿನ ನಗರಸಭೆಯ ಮಹಡಿಯಲ್ಲಿ ಕಿಟಕಿ ತೆರೆಯಿತು; ಮೇಲ್ವಿಚಾರಕರು ಎರಡೂ ಕೈಯೆತ್ತಿ ಏನೋ ಕೂಗಿದರು. ಯಜಮಾನರು ಸೊಂಟದ ಹಗ್ಗವನ್ನು ಜಗ್ಗಿದರು. ತಲೆಯೆತ್ತಿ, ಗಂಟಲು ಹರಿಯುವಂತೆ ಕೂಗಿದರು:

“ಲೇ! ಮೇಲಕ್ಕೆ ಎಳೀರೇ!”

“ಸ್ವಲ್ಪ ಇರ್ರೀ!” ಎಂದು ಹೆಂಡತಿಯ ದನಿ ಬಂತು. ಎಷ್ಟೋ ದಿನಗಳಿಂದ ಆ ದನಿಯಲ್ಲಿ ಅಂಥ ಸುಖವನ್ನು ಅವರು ಕೇಳಿರಲಿಲ್ಲ. “ಅಕ್ಕ ಈಗ ತಾನೇ ಮಾತು ಶುರುಮಾಡಿದ್ದಾಳೆ!”

ತಾವು ಬಯಸಿದ್ದು ಇದನ್ನೇ. ಹಾಗಾದರೆ ಸಂತೋಷಪಡಬೇಕೋ, ಇನ್ನೊಮ್ಮೆ ಕೂಗಬೇಕೋ ಯಜಮಾನರಿಗೆ ತಿಳಿಯದೆ, ಷಡ್ಡಕರ ಮುಖ ನೋಡಿದರು.

“ಎಷ್ಟು ಹೊತ್ತಾಗಬಹುದು ಭಾವ?”

“ಹೆಗ್ಗಣ ಬಂದು ಎಷ್ಟು ದಿನ ಆಯಿತೋ ಅಷ್ಟು ದಿನದ ಮಾತು ಬಾಕಿ ಇದೆ” ಎಂದರು ಮಾಸ್ತರರು. ಕುಡುಗೋಲನ್ನು ಪಕ್ಕಕ್ಕಿಟ್ಟು, ಬದುಕಿನಲ್ಲಿ ಮೊದಲ ಬಾರಿಗೆ ದನಿ ತಗ್ಗಿಸಿ ಆಜ್ಞೆ ಕೊಟ್ಟರು: “ಕೂತ್ಕೊಳ್ಳಯ್ಯ.”

ಯಜಮಾನರು ಕುಳಿತರು. ಪುಣ್ಯಕ್ಕೆ ಅಲ್ಲಿನ ಹುಲ್ಲನ್ನು ಇನ್ನೂ ಯಾರೂ ಕೊಯ್ದಿರಲಿಲ್ಲ.